ಹಬ್ಬದ ಒರಿಗಾಮಿ ಡಬ್ಬಿ: ಹಾಳೆ ಪಾಸ್, ಗಮ್ಮು ಫೇಲ್

ಕ್ರಿಸ್ಮಸ್ ಹತ್ತಿರ ಬಂತೆಂದರೆ ಮಂಗಳೂರಿನ ಹಂಪನಕಟ್ಟೆಯ ಸ್ಟೇಷನರಿ ಅಂಗಡಿಗಳಲ್ಲಿ, ಉಡುಪಿಯಾದರೆ ರಥಬೀದಿಯ ಆಸುಪಾಸಿನಲ್ಲಿ, ನೇತಾಡುವ ನಕ್ಷತ್ರಗಳ ಕೆಳಗೆ ಮಕ್ಕಳ ಒರಿಗಾಮಿ (ಕಾಗದ ಮಡಿಸಿ ಆಕಾರ ಮಾಡುವ ಕಲೆ) ಡಬ್ಬಿಗಳೂ ಬಂದು ಕೂರುತ್ತವೆ. ಹೊರಗೆ ಬೇರೆ ಬೇರೆ ಹೆಸರು, ಒಳಗೆ ಹೆಚ್ಚುಕಮ್ಮಿ ಒಂದೇ ಸಾಮಾನು: 15 ಸೆಂ.ಮೀ. ಚೌಕದ ಬಣ್ಣದ ಹಾಳೆ, ನಾಲ್ಕೈದು ಫಾಯಿಲ್ ಹಾಳೆ, ಖಾಲಿ ಕಾರ್ಡು, ಅದಕ್ಕೊಂದು ಕವರು, ಬೆರಳುದ್ದದ ಗಮ್ ಟ್ಯೂಬು, ಮಿನುಗು ಪುಡಿ, ಪ್ಲಾಸ್ಟಿಕ್ ಕಣ್ಣು, ಚಿತ್ರಗಳ ಒಂದು ಚೀಟಿ. ಹಾಗಾಗಿ ಇದು ಯಾವುದೋ ಒಂದು ಕಂಪೆನಿಯ ವಿಮರ್ಶೆ ಅಲ್ಲ, ಡಬ್ಬಿ ಎಂಬ ಮಾಲಿನ ವಿಮರ್ಶೆ. ಮೊದಲೇ ಹೇಳಿಬಿಡುತ್ತೇವೆ: ಹಾಳೆ ಒಳ್ಳೆಯದುಂಟು, ಕಾರ್ಡು ಪರವಾಗಿಲ್ಲ, ಗಮ್ಮು ನಮ್ಮ ಕರಾವಳಿಯ ಹವೆಗೆ ಆಗುವಂಥದ್ದಲ್ಲ, ಚೀಟಿ ನೋಡಿ ಮಕ್ಕಳು ಒಬ್ಬರೇ ಮಡಿಸುವುದು ಆಗುಹೋಗುವ ಮಾತಲ್ಲ. ಬಿಡಿಯಾಗಿ ಕೊಂಡರೆ ಒಳ್ಳೆಯದೋ ಎಂದು ಕೇಳಿದರೆ, ಒಂದು ವಸ್ತು ಬಿಟ್ಟು ಉಳಿದದ್ದಕ್ಕೆಲ್ಲ ಹೌದು.

ಆ ಒಂದು ವಸ್ತು ಹಾಳೆ. ಒರಿಗಾಮಿ ಹಾಳೆಯ ತೂಕ ಚದರ ಮೀಟರಿಗೆ 60ರಿಂದ 70 ಗ್ರಾಂ, ಅಂದರೆ 60–70 ಜಿಎಸ್‌ಎಂ. ಒಂದು ಬದಿ ಬಣ್ಣ, ಇನ್ನೊಂದು ಬದಿ ಬಿಳಿ. ಈ ಬಿಳಿ ಬದಿ ಬಡತನದ ಗುರುತಲ್ಲ, ಮಗುವಿನ ದಿಕ್ಸೂಚಿ ಅದೇ. ‘ಬಿಳಿ ಮೇಲೆ ಇರಲಿ’ ಎಂದರೆ ಐದು ವರ್ಷದ ಮಗುವಿಗೂ ಅರ್ಥವಾಗುತ್ತದೆ. ಬಿಡಿಯಾಗಿ ಸಿಗುವ ಬಣ್ಣದ ಎ4 ಹಾಳೆ 80 ಜಿಎಸ್‌ಎಂ, ಎರಡು ಬದಿಯೂ ಒಂದೇ ಬಣ್ಣ. ಎರಡು ಮಡಿಕೆ ದಾಟಿದ ಮೇಲೆ ಒಳಗೆ ಯಾವುದು ಹೊರಗೆ ಯಾವುದು ಎಂದು ದೊಡ್ಡವರಿಗೇ ಗೊಂದಲ. ಗ್ಲೇಜ್ ಪೇಪರ್ ಅಗ್ಗ, ಬಣ್ಣವೂ ಚಂದ, ಆದರೆ ಒಂದೇ ಗೆರೆಯನ್ನು ಎರಡು ಮೂರು ಸಲ ಆಚೀಚೆ ಮಡಿಸಿದರೆ ಅಲ್ಲೇ ಬಿರಿಯುತ್ತದೆ. ಮಕ್ಕಳು ಮಡಿಸುವುದೇ ಹಾಗೆ, ತಪ್ಪಿ, ಬಿಚ್ಚಿ, ಮತ್ತೆ ಮಡಿಸಿ. ಗ್ಲೇಜ್ ಪೇಪರನ್ನು ಗೂಡುದೀಪದ ಬಾಲಕ್ಕೆ ಇಟ್ಟುಕೊಳ್ಳಿ. ಡ್ರಾಯಿಂಗ್ ಶೀಟು, ಚಾರ್ಟು ಒರಿಗಾಮಿಗೆ ಬೇಡವೇ ಬೇಡ, ನಾಲ್ಕನೆಯ ಮಡಿಕೆಗೇ ಮೂಲೆ ಉಬ್ಬಿ ನಿಲ್ಲುತ್ತದೆ.

ಡಬ್ಬಿ ಕೊಂಡ ಕೂಡಲೇ ಮಾಡಬೇಕಾದ ಪರೀಕ್ಷೆ ಒಂದುಂಟು. ಒಂದು ಹಾಳೆ ತೆಗೆದು ಮೂಲೆಗೆ ಮೂಲೆ ಸೇರಿಸಿ ತ್ರಿಕೋನ ಮಡಿಸಿ. ಅಂಚುಗಳು ಒಂದರ ಮೇಲೊಂದು ಕೂತರೆ ಸರಿ. ಒಂದು ಮಿಲಿಮೀಟರಿಗಿಂತ ಹೆಚ್ಚು ಹೊರಗೆ ಇಣುಕಿದರೆ ಹಾಳೆ ಚೌಕ ಇಲ್ಲ, ಕಟ್ಟನ್ನು ವಾಪಸ್ ಕೊಡಿ. ಇಡೀ ಕಟ್ಟನ್ನು ಒಟ್ಟಿಗೇ ಕತ್ತರಿಸುವುದರಿಂದ ಒಂದು ಹಾಳೆ ಓರೆಯಾದರೆ ಆ ಕಟ್ಟಿನದು ಬಹುಮಟ್ಟಿಗೆ ಎಲ್ಲವೂ ಓರೆ. ಮೊದಲ ಮಡಿಕೆಯ ಒಂದು ಮಿಲಿಮೀಟರು ಕೊನೆಯ ಮಡಿಕೆ ಹೊತ್ತಿಗೆ ಮೂರು ನಾಲ್ಕು ಆಗುತ್ತದೆ. ಬೈಗುಳ ಮಾತ್ರ ಮಗುವಿಗೆ.

ಈಗ ಈ ಹಾಳೆಯಲ್ಲಿ ಏನು ಮಾಡುವುದು? ಚೀಟಿಯಲ್ಲಿ ಸಾಂತಾ, ಜಿಂಕೆ, ಗಂಟೆ ಎಲ್ಲ ಉಂಟು, ಅವುಗಳಲ್ಲಿ ಅರ್ಧ ಹತ್ತು ವರ್ಷದೊಳಗಿನವರ ಕೈಗೆ ಬಗ್ಗುವುದಿಲ್ಲ. ಕಾರ್ಡಿಗೆ ಎಲ್ಲಕ್ಕಿಂತ ಚೆನ್ನಾಗಿ ಒದಗುವುದು ಮೂರು ತ್ರಿಕೋನ ಪೇರಿಸಿದ ಕ್ರಿಸ್ಮಸ್ ಮರ. ಆರು ಏಳು ವರ್ಷದ ಮಕ್ಕಳು ಧಾರಾಳವಾಗಿ ಮಾಡುತ್ತಾರೆ. ಅದಕ್ಕೆ 9, 7.5, 6 ಸೆಂ.ಮೀ. ಅಳತೆಯ ಮೂರು ಚೌಕ ಬೇಕು. ಹಸಿರು ಹಾಳೆಯ ಒಂದು ಮೂಲೆಯಿಂದ 9ರ ಚೌಕ, ಎದುರು ಮೂಲೆಯಿಂದ 6ರ ಚೌಕ ಕತ್ತರಿಸಿದರೆ 15 ಸೆಂ.ಮೀ. ಸರಿಯಾಗಿ ಮುಗಿಯುತ್ತದೆ. ಇನ್ನೊಂದು ಹಾಳೆಯನ್ನು ನಾಲ್ಕು ಮಾಡಿದರೆ 7.5ರ ನಾಲ್ಕು ಚೌಕ. ಅಂದರೆ ನಾಲ್ಕು ಕಾರ್ಡಿಗೆ ಐದು ಹಾಳೆ. ಮಿಕ್ಕುವ 9×6ರ ತುಂಡುಗಳನ್ನು ಬಿಸಾಡಬೇಡಿ, ಹೆಸರು ಬರೆದು ಅಂಟಿಸಲು ಆಗುತ್ತವೆ.

ಪ್ರತಿ ಚೌಕವನ್ನೂ ಹೀಗೆ ಮಡಿಸಬೇಕು. ಬಿಳಿ ಬದಿ ಮೇಲೆ ಇಟ್ಟು ಮೂಲೆಯಿಂದ ಮೂಲೆಗೆ ಮಡಿಸಿ ಬಿಚ್ಚಿ, ಇನ್ನೊಂದು ಕರ್ಣವನ್ನೂ ಹಾಗೆಯೇ ಮಡಿಸಿ ಬಿಚ್ಚಿ. ಈಗ ಹಾಳೆ ಮಗುಚಿ, ಬಣ್ಣ ಮೇಲೆ ಬರಲಿ. ಅಂಚಿಗೆ ಅಂಚು ಸೇರಿಸಿ ಅರ್ಧಕ್ಕೆ ಒಂದೇ ಸಲ ಮಡಿಸಿ ಬಿಚ್ಚಿ. ಕೆಲಸ ಕೆಡುವುದು ಈ ಮಗುಚುವ ಹಂತದಲ್ಲಿ. ಮೂರು ಗೆರೆಯನ್ನೂ ಒಂದೇ ಬದಿಯಿಂದ ಮಡಿಸಿದರೆ ಹಾಳೆ ತಾನಾಗಿ ಮುದುಡುವುದಿಲ್ಲ, ಮಗು ಬಲ ಹಾಕುತ್ತದೆ, ಹೊಸ ಗೆರೆಗಳು ಬೀಳುತ್ತವೆ, ಆಮೇಲೆ ಆ ಹಾಳೆ ಕಸದ ಬುಟ್ಟಿಗೇ. ಸರಿಯಾಗಿ ಮಡಿಸಿದ್ದರೆ ಗೊತ್ತಾಗಲು ಗುರುತುಂಟು: ಬಣ್ಣದ ಬದಿ ಮೇಲಿಟ್ಟಾಗ ನಡುಮಧ್ಯ ಸ್ವಲ್ಪ ಎದ್ದು ನಿಂತಿರುತ್ತದೆ, ಅಲ್ಲಿ ಬೆರಳಿಟ್ಟು ಒತ್ತಿದರೆ ‘ಟಪ್’ ಎಂದು ಒಳಕ್ಕೆ ಹಾರುತ್ತದೆ. ಆ ಸದ್ದು ಕೇಳಿದ ಮಕ್ಕಳು ಅದನ್ನೇ ಹತ್ತು ಸಲ ಒತ್ತುತ್ತಾರೆ, ಒತ್ತಲಿ. ಆಮೇಲೆ ನಡುವನ್ನು ಮತ್ತೆ ಮೇಲಕ್ಕೆ ತಂದು, ಅರ್ಧದ ಗೆರೆಯ ಎರಡು ತುದಿಗಳನ್ನು ಒಳಗೆ ತಳ್ಳಿ ಒಂದಕ್ಕೊಂದು ಮುಟ್ಟಿಸಿದರೆ ಹಾಳೆ ತ್ರಿಕೋನವಾಗಿ ಮಲಗುತ್ತದೆ. 9ರ ಚೌಕದಿಂದ ಬರುವ ತ್ರಿಕೋನದ ಬುಡ 9, ಎತ್ತರ 4.5 ಸೆಂ.ಮೀ. ಮೂರನ್ನೂ ಒಂದಕ್ಕೊಂದು 1 ಸೆಂ.ಮೀ. ಹೊದ್ದಿರುವಂತೆ ಪೇರಿಸಿದರೆ ಮರ 9 ಸೆಂ.ಮೀ. ಚಿಲ್ಲರೆ ಎತ್ತರ. ಕೆಳಗೊಂದು ಕಂದು ಪಟ್ಟಿ ಇಟ್ಟರೂ 14.8 ಸೆಂ.ಮೀ. ಎತ್ತರದ ಕಾರ್ಡಿನಲ್ಲಿ ಬರೆಯಲು ಜಾಗ ಉಳಿಯುತ್ತದೆ. ಅಂಟಿಸುವಾಗ ದೊಡ್ಡದು ಮೊದಲು, ಚಿಕ್ಕದು ಕೊನೆಗೆ. ಗಮ್ಮು ಹಿಂದಿನ ಪದರಕ್ಕೆ ಮಾತ್ರ. ಮುಂದಿನ ರೆಕ್ಕೆ ಬಿಡಿಯಾಗಿದ್ದರೇ ಮರ ಉಬ್ಬಿ ನಿಂತು ಚಂದ ಕಾಣುವುದು.

ಕಾರ್ಡಿನ ವಿಷಯಕ್ಕೆ ಬರೋಣ. ಡಬ್ಬಿಯಲ್ಲಿರುವ ಖಾಲಿ ಕಾರ್ಡುಗಳು ಮಡಿಸಿದಾಗ 10.5×14.8 ಸೆಂ.ಮೀ., ಅಂದರೆ ಎ4ರ ಅರ್ಧವನ್ನು ಮಡಿಸಿದ ಅಳತೆ. ಈ ಅಳತೆ ಸರಿಯೇ. ಆದರೆ ಕೆಲವು ಕಾರ್ಡುಗಳ ಬೆನ್ನುಮಡಿಕೆ ನೋಡಿ: ಗೆರೆಯುದ್ದಕ್ಕೂ ನಾರು ಕಿತ್ತುಬಂದು ಗರಗಸದ ಹಾಗೆ ಕಾಣುತ್ತದೆ. ಇದು ದಪ್ಪದ ದೋಷವಲ್ಲ. ಕಾಗದ ತಯಾರಾಗುವಾಗ ನಾರುಗಳು ಹೆಚ್ಚಾಗಿ ಒಂದು ದಿಕ್ಕಿಗೆ ಮಲಗುತ್ತವೆ. ಆ ದಿಕ್ಕಿಗೆ ಮಡಿಸಿದರೆ ಗೆರೆ ನುಣುಪು, ಅಡ್ಡಲಾಗಿ ಮಡಿಸಿದರೆ ನಾರು ಮುರಿದು ಬಿರುಕು. ನೀವೇ ಶೀಟು ತಂದು ಕತ್ತರಿಸುವುದಾದರೆ ಮೊದಲು ಎರಡೂ ದಿಕ್ಕಿಗೆ ಮೆಲ್ಲಗೆ ಬಗ್ಗಿಸಿ ನೋಡಿ, ಯಾವ ಕಡೆ ಸಲೀಸಾಗಿ ಬಗ್ಗುತ್ತದೋ ಮಡಿಕೆಯ ಗೆರೆ ಆ ಕಡೆಗೆ ಬರುವಂತೆ ಕತ್ತರಿಸಿ. 200 ಜಿಎಸ್‌ಎಂ ಸಾಕು. ಮಡಿಸುವ ಮೊದಲು ಸ್ಟೀಲ್ ಸ್ಕೇಲ್ ಇಟ್ಟು ಶಾಯಿ ಮುಗಿದ ಬಾಲ್ ಪೆನ್ನಿನಿಂದ ಒಂದು ಗೆರೆ ಒತ್ತಿ ಎಳೆದುಕೊಂಡರೆ ಮಕ್ಕಳು ಮಡಿಸಿದರೂ ಓರೆಯಾಗುವುದಿಲ್ಲ. ಒಳ್ಳೆಯ ಶೀಟು ಬೇಕಿದ್ದರೆ ಮಣಿಪಾಲದ ಕಡೆ ಹುಡುಕಿ. ಆರ್ಕಿಟೆಕ್ಚರ್ ಓದುವ ಮಕ್ಕಳಿರುವ ಊರು, ಅಂಗಡಿಯವರಿಗೆ ‘ಜಿಎಸ್‌ಎಂ ಎಷ್ಟು’ ಎಂದು ಕೇಳಿದರೆ ಉತ್ತರ ಗೊತ್ತಿರುತ್ತದೆ.

ಡಬ್ಬಿಯವರಿಗೆ ಹಬ್ಬ ಅಂದರೆ ಕ್ರಿಸ್ಮಸ್ ಒಂದೇ. ನಮ್ಮಲ್ಲಿ ಹಾಗಲ್ಲವಲ್ಲ. ಅದೇ ಹಾಳೆಯಲ್ಲಿ, ಹುಲಿವೇಷ ಕುಣಿಯುವ ಅಷ್ಟಮಿಗೂ ನವರಾತ್ರಿಗೂ ಹುಲಿಯ ಮುಖ ಮಾಡಬಹುದು. ಒರಿಗಾಮಿಯ ಬೆಕ್ಕಿನ ಮುಖ ಎಂದು ಹಳೆಯ ಮಾದರಿಯೊಂದುಂಟು. ಹಳದಿ ಹಾಳೆಯನ್ನು ಬಣ್ಣ ಹೊರಗೆ ಬರುವಂತೆ ತ್ರಿಕೋನ ಮಡಿಸಿ, ಉದ್ದದ ಬದಿ ಕೆಳಗಿರಲಿ. ಮೇಲಿನ ತುದಿಯನ್ನು ಸ್ವಲ್ಪ ಕೆಳಗೆ ಮಡಿಸಿ. ಎಡಬಲದ ಮೂಲೆಗಳನ್ನು ಓರೆಯಾಗಿ ಮೇಲಕ್ಕೆತ್ತಿದರೆ ಕಿವಿ. ತಿರುಗಿಸಿದರೆ ಮುಖ. ಕಪ್ಪು ಸ್ಕೆಚ್ ಪೆನ್ನಿನಲ್ಲಿ ಪಟ್ಟೆ ಎಳೆದರೆ ಬೆಕ್ಕು ಪಿಲಿಯಾಯಿತು, ತುಳುವಿನಲ್ಲಿ ಹುಲಿ. ನಾಲ್ಕು ವರ್ಷದವರಿಗೂ ಸಲೀಸು. ಡಬ್ಬಿಯ ಪ್ಲಾಸ್ಟಿಕ್ ಕಣ್ಣುಗಳಿಗೆ ಇದೊಂದೇ ಯೋಗ್ಯ ಜಾಗ, ಆದರೆ ಮನೆಯಲ್ಲಿ ಮೂರು ವರ್ಷದೊಳಗಿನ ಮಗುವಿದ್ದರೆ ಆ ಕಣ್ಣುಗಳನ್ನು ಡಬ್ಬಿ ಬಿಚ್ಚುವಾಗಲೇ ತೆಗೆದಿಡಿ. ಬಾಯಿಗೆ ಹೋದರೆ ಗಂಟಲಲ್ಲಿ ಸಿಕ್ಕಿಕೊಳ್ಳುವ ಅಳತೆ ಅದು.

ದೀಪಾವಳಿಗೆ ತೆರೆದರೆ ಎದ್ದು ನಿಲ್ಲುವ ಗೂಡುದೀಪದ ಕಾರ್ಡು. ಇದು ಎಂಟು ವರ್ಷ ದಾಟಿದವರಿಗೆ, ಕತ್ತರಿ ಹಿಡಿಯುವಾಗ ದೊಡ್ಡವರು ಪಕ್ಕದಲ್ಲಿರಬೇಕು. ಕಾರ್ಡನ್ನು ಮಡಿಕೆ ಮೇಲೆ ಬರುವಂತೆ ಅಡ್ಡಕ್ಕೆ ಹಿಡಿಯಿರಿ. ಮಡಿಕೆಯ ನಡುವಿನಲ್ಲಿ, 2 ಸೆಂ.ಮೀ. ಅಂತರದಲ್ಲಿ, 3 ಸೆಂ.ಮೀ. ಆಳದ ಎರಡು ಸೀಳು. ನಡುವಿನ ಪಟ್ಟಿಯನ್ನು ಆಚೀಚೆ ಮಡಿಸಿ ಗೆರೆ ಮಾಡಿ, ಕಾರ್ಡು ತೆರೆದು ಪಟ್ಟಿಯನ್ನು ಒಳಕ್ಕೆ ತಳ್ಳಿ. ಕಾರ್ಡನ್ನು ಅರ್ಧ ತೆರೆದು ನಿಲ್ಲಿಸಿದಾಗ ಪುಟ್ಟ ಮೆಟ್ಟಿಲು ಕಾಣುತ್ತದೆ. ಅದರ ಎದುರಿನ ಮುಖಕ್ಕೆ ಗೂಡುದೀಪ ಅಂಟಿಸುವುದು, ಮೇಲಿನ ಮುಖಕ್ಕೆ ಗಮ್ಮು ತಾಗಕೂಡದು. ಗೂಡುದೀಪಕ್ಕೆ 6 ಸೆಂ.ಮೀ. ಚೌಕದ ನಾಲ್ಕು ಮೂಲೆಗಳನ್ನೂ ನಡುವಿಗೆ ಮಡಿಸಿ, ಪ್ರತಿ ಮೂಲೆಯ ತುದಿಯನ್ನು ಮತ್ತೆ ಹೊರಕ್ಕೆ ಮಡಿಸಿದರೆ ನಡುವೆ ಬಿಳಿ ಕಿಟಕಿ ತೆರೆಯುತ್ತದೆ. ಅಲ್ಲಿ ಹಳದಿ ಬಳಿಯಲಿ. ಮೂಲೆ ಮೇಲಾಗಿ ನಿಲ್ಲಿಸಿದರೆ ಅದರ ಎತ್ತರ ಮತ್ತೆ 6 ಸೆಂ.ಮೀ. ಆಸೆಪಟ್ಟು 7.5ರ ಚೌಕ ಹಾಕುವವರು ಹೆಚ್ಚು, ಕೆಡುವುದೂ ಅಲ್ಲೇ. ಕಾರ್ಡು ಮುಚ್ಚಿದಾಗ ಗೂಡುದೀಪದ ತಲೆ ಮಡಿಕೆಯಿಂದ ಎಷ್ಟು ದೂರ ಹೋಗುತ್ತದೆ ಎಂಬುದಕ್ಕೆ ಲೆಕ್ಕ ಸುಲಭ: ಸೀಳಿನ ಆಳ, ಅದಕ್ಕೆ ದೀಪದ ಎತ್ತರ ಕೂಡಿಸಿ. 3ಕ್ಕೆ 6 ಕೂಡಿದರೆ 9, ಪುಟದ ಅಗಲ 10.5, ಒಳಗೇ ಇರುತ್ತದೆ. 3ಕ್ಕೆ 7.5 ಕೂಡಿದರೆ ಸರಿಯಾಗಿ ಅಂಚಿಗೆ ಬರುತ್ತದೆ, ಕೂದಲೆಳೆ ಓರೆಯಾದರೂ ಹೊರಗೆ ಇಣುಕಿ ಕವರಿನಲ್ಲಿ ಮುದುಡುತ್ತದೆ. ಸೀಳಿದ ತೂತು ಹಿಂದೆ ಕಾಣದಂತೆ ಹೊರಗಿನಿಂದ ಇನ್ನೊಂದು ಶೀಟು ಅಂಟಿಸಬೇಕು, ಮೆಟ್ಟಿಲಿನ ಹಿಂಭಾಗ ಬಿಟ್ಟು.

ಗಮ್ಮು. ಇಲ್ಲಿ ಡಬ್ಬಿಗೆ ಸೊನ್ನೆ ಅಂಕ. ಟ್ಯೂಬಿನಲ್ಲಿರುವುದು ನೀರು ಹೆಚ್ಚಿರುವ ತೆಳ್ಳನೆ ಅಂಟು. 70 ಜಿಎಸ್‌ಎಂ ಹಾಳೆಗೆ ಹಚ್ಚಿದ ಕೂಡಲೇ ನೀರು ಹೀರಿ ನಾರು ಉಬ್ಬುತ್ತದೆ, ಒಣಗುವಾಗ ಒಂದೇ ಸಮ ಒಣಗುವುದಿಲ್ಲ, ಹಾಳೆ ಸುಕ್ಕು. ಒಣಹವೆಯ ಊರಿನಲ್ಲಾದರೆ ಬೇಗ ಆರಿ ಅಷ್ಟಾಗಿ ಕಾಣಲಿಕ್ಕಿಲ್ಲ. ಇಲ್ಲಿ ಸೆಕೆಯ ಜೊತೆ ತೇವ, ಆರುವುದೇ ನಿಧಾನ, ಅಷ್ಟರಲ್ಲಿ ಮಗು ಕಾರ್ಡು ಮುಚ್ಚಿ ಒಳಪುಟಗಳು ಅಂಟಿಕೊಂಡಿರುತ್ತವೆ. ಬದಲಿಗೆ ಗಮ್ ಸ್ಟಿಕ್ ತನ್ನಿ, ಲಿಪ್‌ಸ್ಟಿಕ್ಕಿನ ಹಾಗೆ ತಿರುಗಿಸುವಂಥದ್ದು. ಮರ, ಹುಲಿ, ಕವರು ಎಲ್ಲಕ್ಕೂ ಅದೇ ಸಾಕು. ಎದ್ದು ನಿಲ್ಲುವ ಗೂಡುದೀಪಕ್ಕೆ ಮಾತ್ರ ಎರಡು ಬದಿ ಅಂಟುವ ಟೇಪು ಭದ್ರ. ಗೂಡುದೀಪ ಕಟ್ಟುವವರ ಮೈದಾ ಅಂಟು ಬಿದಿರು ಕಡ್ಡಿಗೆ ಕಾಗದ ಹೊದೆಸಲು ಸರಿ, ಕಾರ್ಡಿಗಲ್ಲ. ಕವರಿನೊಳಗೆ ತೇವ ಉಳಿದರೆ ಬೂಸ್ಟು ಹಿಡಿಯುತ್ತದೆ, ಜಿರಳೆಗೂ ಹಬ್ಬ.

ತೇವದ ಮಾತು ಬಂದ ಮೇಲೆ ಡಬ್ಬಿ ಇಡುವ ಬಗೆಯನ್ನೂ ಹೇಳಬೇಕು. ದೀಪಾವಳಿ, ಕ್ರಿಸ್ಮಸ್ ಹೊತ್ತಿಗೆ ಅಷ್ಟು ತೊಂದರೆ ಇಲ್ಲ. ಅಷ್ಟಮಿ, ಚೌತಿ, ಕರಾವಳಿಯ ಕ್ರೈಸ್ತರ ಸೆಪ್ಟೆಂಬರ್ 8ರ ಮೊಂತಿ ಹಬ್ಬ ಮಳೆಗಾಲದ ಬಾಲದಲ್ಲಿ ಬರುತ್ತವೆ. ಆಗ ಹಾಳೆ ಹವೆಯ ತೇವ ಕುಡಿದು ಮೆದುವಾಗಿ, ಮಡಿಸಿದ ಗೆರೆ ನಿಲ್ಲದೆ ನಿಧಾನವಾಗಿ ಬಿಚ್ಚಿಕೊಳ್ಳುತ್ತದೆ. ಒಂದು ಬದಿ ಮಾತ್ರ ಹೊಳಪಿರುವ ಕಾರ್ಡಾದರೆ ತೇವ ಹೀರುವುದು ಇನ್ನೊಂದೇ ಬದಿ, ಹಾಗಾಗಿ ಕಾರ್ಡು ಬಿಲ್ಲಿನಂತೆ ಬಾಗುತ್ತದೆ. ಇಡೀ ಕಟ್ಟನ್ನು ಜಿಪ್ ಇರುವ ಪ್ಲಾಸ್ಟಿಕ್ ಚೀಲದಲ್ಲಿ, ಚಪ್ಪಲಿ ಡಬ್ಬಿಯಲ್ಲಿ ಬರುವ ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಇಟ್ಟು, ಅವತ್ತಿಗೆ ಬೇಕಾದಷ್ಟೇ ಹಾಳೆ ಹೊರಗೆ ತೆಗೆಯಿರಿ. ಬಾಗಿದ ಕಾರ್ಡಿನ ಮೇಲೆ ಹತ್ತಿ ಬಟ್ಟೆ ಹಾಸಿ ಹಬೆಯಿಲ್ಲದ ಸಣ್ಣ ಬಿಸಿಯ ಇಸ್ತ್ರಿ ಆಡಿಸಿದರೆ ಸರಿಹೋಗುತ್ತದೆ.

ಫಾಯಿಲ್ ಹಾಳೆ ಕಣ್ಣಿಗೆ ಮಾತ್ರ. ಒಮ್ಮೆ ಬಿದ್ದ ಗೆರೆ ಅಳಿಯುವುದಿಲ್ಲ, ತಪ್ಪಿ ಮಡಿಸಿದರೆ ಬಿಳಿ ಬಿರುಕು ಕಾಣುತ್ತದೆ. ನಕ್ಷತ್ರ ಕತ್ತರಿಸಿ ಮರದ ತುದಿಗೆ ಅಂಟಿಸಿ ಮುಗಿಸಿ. ಮಿನುಗು ಪುಡಿಯನ್ನು ಡಬ್ಬಿಯಲ್ಲೇ ಬಿಡುವುದು ಒಳ್ಳೆಯದು. ಫ್ಯಾನು ಹಾಕದೆ ಕೂರಲಾಗದ ಊರು ಇದು, ಪುಡಿ ಕ್ರಿಸ್ಮಸ್ ತಿಂಡಿಗಳ ಕುಸ್ವಾರ್ ತಟ್ಟೆಗೂ ಹೋಗುತ್ತದೆ.

ಚೀಟಿಯ ಬಗ್ಗೆ ಎರಡು ಮಾತು. ಅದರಲ್ಲಿರುವ ಚುಕ್ಕೆಗೆರೆ, ಬಾಣದ ಗುರುತುಗಳು ಜಪಾನಿನ ಒರಿಗಾಮಿ ಕಲಾವಿದ ಅಕಿರ ಯೋಶಿಜಾವಾ (1911–2005) ರೂಢಿಗೆ ತಂದ ಪದ್ಧತಿಯ ಮೇಲೆ ನಿಂತವು. ಬರೀ ತುಂಡುಗೆರೆ ಇದ್ದರೆ ಮಡಿಕೆ ಒಳಮುಖ, ತುಂಡಿನ ನಡುವೆ ಚುಕ್ಕೆ ಇದ್ದರೆ ಹೊರಮುಖ. ಪದ್ಧತಿ ಅಚ್ಚುಕಟ್ಟು, ಯಾವ ಭಾಷೆಯವರಿಗೂ ಆಗುತ್ತದೆ. ಆದರೆ ಡಬ್ಬಿಯವರು ಹತ್ತು ಹನ್ನೆರಡು ಮಾದರಿಗಳನ್ನು ಒಂದೇ ಹಾಳೆಗೆ ತುರುಕಿ ಅಚ್ಚು ಹಾಕಿದ್ದರಿಂದ ಚುಕ್ಕೆ ಯಾವುದು ತುಂಡು ಯಾವುದು ಎಂದು ತಿಳಿಯುವುದಿಲ್ಲ. ಫೋನಿನಲ್ಲಿ ಫೋಟೊ ತೆಗೆದು ದೊಡ್ಡದು ಮಾಡಿ ತೋರಿಸಿ, ಇಲ್ಲವೇ ದೊಡ್ಡವರು ಮೊದಲು ಮಡಿಸಿ ಕಲಿತುಕೊಂಡು ಮಗುವಿನ ಪಕ್ಕ, ಎದುರಿಗಲ್ಲ, ಕೂತು ಜೊತೆಗೇ ಮಡಿಸಿ. ಎದುರಿಗೆ ಕೂತರೆ ಎಡಬಲ ತಿರುಗುಮುರುಗಾಗುತ್ತದೆ.

ಕಾರ್ಡಿಗೆ ಕೈಯಲ್ಲೇ ಬಣ್ಣ ಹಚ್ಚುವುದು ಹಳೆಯ ಕಾಲದ್ದೆಂದು ಮೂಗು ಮುರಿಯುವ ಮಕ್ಕಳಿಗೆ ಒಂದು ಸಂಗತಿ ಹೇಳಬಹುದು. ಮಾರಾಟಕ್ಕೆಂದು ಅಚ್ಚಾದ ಮೊದಲ ಕ್ರಿಸ್ಮಸ್ ಕಾರ್ಡು 1843ರಲ್ಲಿ ಲಂಡನ್ನಿನಲ್ಲಿ ಬಂತು, ಕಲ್ಲಚ್ಚಿನಲ್ಲಿ ಒತ್ತಿ ಬಣ್ಣವನ್ನು ಕೈಯಲ್ಲೇ ಹಚ್ಚಿದ್ದರು. ಅದೇ 1843ರಲ್ಲಿ ನಮ್ಮ ಮಂಗಳೂರಿನಲ್ಲಿ, ಅದೂ ಕಲ್ಲಚ್ಚಿನಲ್ಲೇ, ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ ಹೊರಟಿತು.

ಡಬ್ಬಿಯ ಕವರುಗಳು ಕಾರ್ಡಿನ ಅಳತೆಗೆ ಸರಿಯಾಗಿವೆ, ಆದರೆ ಮರ ಅಂಟಿಸಿದ ಮೇಲೆ ಆಗುವ ದಪ್ಪದ ಲೆಕ್ಕ ಹಿಡಿದಿಲ್ಲ. ತುರುಕಿದರೆ ಬಾಯಿಯ ಹತ್ತಿರ ಹರಿಯುತ್ತದೆ. ಮನೆಯಲ್ಲೇ ಮಾಡುವುದು ಲೇಸು, ಮಾಡುವ ಕ್ರಮವೂ ಖುಷಿಯದ್ದು. 80 ಜಿಎಸ್‌ಎಂ ಎ4 ಹಾಳೆಯಿಂದ 21 ಸೆಂ.ಮೀ. ಚೌಕ ಕತ್ತರಿಸಿ. ಈ ಚೌಕದ ಕರ್ಣ 29.7 ಸೆಂ.ಮೀ., ಅಂದರೆ ಎ4 ಹಾಳೆಯ ಉದ್ದವೇ. ಚೌಕವನ್ನು ಮೂಲೆ ಮೇಲಾಗಿ ಇಟ್ಟು ನಡುವೆ ಕಾರ್ಡನ್ನು ಅಡ್ಡಕ್ಕೆ ಇಡಿ. ಎಡಬಲದ ಮೂಲೆಗಳನ್ನು ಒಳಕ್ಕೆ ಮಡಿಸಿದರೆ ಎರಡೂ ತುದಿಗಳು ನಡುವಿನಲ್ಲಿ ಹೆಚ್ಚುಕಮ್ಮಿ ಮುಟ್ಟುತ್ತವೆ. ಕಾರ್ಡಿನ ಅಂಚಿಗೆ ಬಿಗಿಯಾಗಿ ಮಡಿಸದೆ ಎಲ್ಲ ಕಡೆ 2 ಮಿ.ಮೀ. ಸಡಿಲ ಬಿಡಿ, ಮರದ ದಪ್ಪಕ್ಕೆ ಅದು ಬೇಕು. ನಡುವೆ ಉಳಿಯುವ ಸಂದನ್ನು ಕೆಳಗಿನ ಮೂಲೆ ಮುಚ್ಚುತ್ತದೆ. ಅದನ್ನು ಎರಡು ಬದಿಗಳಿಗೆ ಅಂಟಿಸಿ, ಮೇಲಿನ ಮೂಲೆಯನ್ನು ಕೊನೆಗೆ. ಕತ್ತರಿಸಿ ಉಳಿದ 8.7×21ರ ಪಟ್ಟಿಯಿಂದ ಇನ್ನೆರಡು ಚೌಕ ಸಿಗುತ್ತದೆ.

ಅಂಚೆಗೆ ಹಾಕುವವರಿಗೆ ತೂಕ ಮುಖ್ಯ. ಸಾದಾ ಪತ್ರದ ಮೊದಲ ಹಂತ 20 ಗ್ರಾಂ. 200 ಜಿಎಸ್‌ಎಂ ಕಾರ್ಡು 6 ಗ್ರಾಂ ಚಿಲ್ಲರೆ, ಕವರು ಮೂರೂವರೆ, ಮರ ಒಂದು ಗ್ರಾಂ ಚಿಲ್ಲರೆ, ಒಟ್ಟು 11ರ ಆಸುಪಾಸು. ಗೂಡುದೀಪದ ಕಾರ್ಡಿಗೆ ಎರಡು ಶೀಟು ಹೋಗುವುದರಿಂದ 16–17 ಗ್ರಾಂ. ಅದನ್ನೇ 300 ಜಿಎಸ್‌ಎಂ ಶೀಟಿನಲ್ಲಿ ಮಾಡಿದರೆ 20 ದಾಟಿ ಹೆಚ್ಚಿನ ಸ್ಟಾಂಪು ಬೇಕಾಗುತ್ತದೆ. ಸ್ಟಾಂಪಿನ ಮೇಲೆ ಮುದ್ರೆ ಬೀಳುವ ಮೂಲೆಯ ಕೆಳಗೆ ಮರ ಬರದಂತೆ ಕಾರ್ಡನ್ನು ತಿರುಗಿಸಿ ಒಳಗಿಡಿ. ದುಬೈಗೋ ಕುವೈತಿಗೋ ಕಳಿಸುವುದಾದರೆ ಡಿಸೆಂಬರ್ ಮೊದಲ ವಾರದೊಳಗೆ ಹಾಕಿಬಿಡುವುದು ಕ್ಷೇಮ.